‘ಸಂಘರ್ಷಕ್ಕೊಳಗಾದ ಮಗು’ ಅನ್ನೋದಕ್ಕೆ ಹಗುರವಾದ ಪದ ಬೇಕು

ಬಳಗದವರಿಗೆ ನಮಸ್ಕಾರ.

ಕಾಸರಗೋಡಿನ ಕನ್ನಡ ಶಾಲೆಗಳ ಹೆತ್ತವರಿಗೆ ಹಂಚಲು ಒಂದು ಕರಪತ್ರ ಬರೆಯುತ್ತಿದ್ದೇನೆ. 18 ತುಂಬದವರು ಸಣ್ಣಪುಟ್ಟ ಕೇಸಿನಲ್ಲಿ ಸಿಕ್ಕಿಬಿದ್ದರೆ ಏನಾಗುತ್ತದೆ ಅನ್ನೋದು ವಿಷಯ. ಅಂಗಡಿಯಿಂದ ಮೊಬೈಲ್ ಎತ್ತಿದ್ದು, ಬಸ್ ಸ್ಟ್ಯಾಂಡಿನಲ್ಲಿ ಹೊಡೆದಾಡಿದ್ದು, ಇಂಥವು. ಕೆಲವು ಪದಗಳ ಹತ್ತಿರ ಕೈ ನಿಂತುಬಿಟ್ಟಿದೆ.

ಪತ್ರಿಕೆಗಳಲ್ಲಿ ಈಗಲೂ ‘ಬಾಲಾಪರಾಧಿ’ ಬರುತ್ತದೆ. ಅದು ಬೇಡವೇ ಬೇಡ. 2015ರ ಬಾಲನ್ಯಾಯ ಕಾಯ್ದೆಯ 3ನೇ ಕಲಮಿನಲ್ಲೇ ಮಕ್ಕಳ ವಿಷಯದಲ್ಲಿ ಆಪಾದಿಸುವ ಮಾತು ಬಳಸಬಾರದು ಅಂತಿದೆ. 2007ರ ಮಾದರಿ ನಿಯಮಗಳಲ್ಲಂತೂ ಅರೆಸ್ಟ್, ಆರೋಪಿ, ಚಾರ್ಜ್‌ಶೀಟ್, ವಾರಂಟ್, ಜೈಲು ಅಂತ ಬಳಸಬಾರದ ಪದಗಳ ಪಟ್ಟಿಯೇ ಇತ್ತು. ಕಾನೂನೇ ಪದದ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡಿರುವಾಗ ನಾವು ಸುಮ್ನೆ ಹಳೇ ಪದ ಹಾಕಿದರೆ ಆಗುತ್ತಾ?

ಬಾಲಾಪರಾಧಿಗೆ ಬದಲು ಕರ್ನಾಟಕದ ಕಡೆ ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’ ಅಂತ ಬರೆಯುತ್ತಾರೆ. ಇಲ್ಲಿಯ ಮಲಯಾಳಂ ಕಾಗದಗಳಲ್ಲಿ ‘ನಿಯಮವುಮಾಯಿ ಪೊರುತ್ತಪ್ಪೆಡಾತ್ತ ಕುಟ್ಟಿ’, ಅಂದರೆ ಕಾನೂನಿಗೆ ಹೊಂದಿಕೊಳ್ಳದ ಮಗು. ಎರಡೂ ನನಗೆ ಹಿಡಿಸಿಲ್ಲ. ಒಬ್ಬರು ತಾಯಿಗೆ ಕರಡು ಓದಿ ಹೇಳಿದೆ. ‘ಸಂಘರ್ಷ’ ಬಂದ ಕೂಡಲೇ ತಡೆದು, “ಗಲಾಟೆ ಮಾಡಿದ ಮಕ್ಕಳಿಗೆ ಮಾತ್ರವಾ ಇದು? ಕದ್ದವರಿಗೆ ಬೇರೆಯಾ?” ಅಂತ ಕೇಳಿದರು. ಅವರು ಕೇಳಿದ್ದು ಸರಿಯೇ. ಮಲಯಾಳಂ ಪದವಾದರೆ ಮಗುವಿನ ಸ್ವಭಾವವೇ ಸರಿ ಇಲ್ಲ ಅಂದಹಾಗಾಗುತ್ತದೆ. ಇನ್ನು ‘ಮಗು’ ಅನ್ನೋದು. ಮೀಸೆ ಚಿಗುರಿದ 17ರ ಹುಡುಗನನ್ನು ಕನ್ನಡದಲ್ಲಿ ಯಾರೂ ಮಗು ಅನ್ನುವುದಿಲ್ಲ, ಆದರೆ ‘ಮಕ್ಕಳು’ ಅಂದರೆ ಅವನೂ ಸೇರುತ್ತಾನೆ. ಹಾಗಾಗಿ ಎಲ್ಲ ಕಡೆ ಬಹುವಚನವನ್ನೇ ಇಟ್ಟು ‘ಕೇಸಿಗೆ ಸಿಕ್ಕಿಕೊಂಡ ಮಕ್ಕಳು’ ಅಂತ ಬರೆದಿದ್ದೇನೆ. ತೀರಾ ಆಡುಮಾತಾಯಿತಾ?

‘ವಿಚಾರಣೆ’ಯದ್ದು ಇದಕ್ಕಿಂತ ದೊಡ್ಡ ತೊಡಕು. ಮಕ್ಕಳ ಕೇಸು ನೋಡುವ ಬಾಲನ್ಯಾಯ ಮಂಡಳಿ ನಡೆಸುವುದು ಎನ್‌ಕ್ವಯರಿ, ದೊಡ್ಡವರ ಕೋರ್ಟಿನಲ್ಲಿ ನಡೆಯುವುದು ಟ್ರಯಲ್. ಕನ್ನಡದಲ್ಲಿ ಎರಡಕ್ಕೂ ವಿಚಾರಣೆ ಅಂತಲೇ ಅನ್ನುತ್ತೇವೆ. ಹೆತ್ತವರ ಹೆದರಿಕೆ ಇರುವುದೇ ಈ ಪದದಲ್ಲಿ: ಕಟಕಟೆ, ಕರಿಕೋಟು, ಪೊಲೀಸರು ಕಣ್ಣಮುಂದೆ ಬರುತ್ತಾರೆ. ನಿಜಕ್ಕೂ ಬಾಲನ್ಯಾಯ ಮಂಡಳಿಯಲ್ಲಿ ಕೂರುವುದು ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಹೆಂಗಸು. 2016ರ ಮಾದರಿ ನಿಯಮದ ಪ್ರಕಾರ ಎತ್ತರದ ವೇದಿಕೆ ಇರಬಾರದು, ಕಟಕಟೆಯೂ ಇರಬಾರದು. ಲಾಕಪ್ಪಿನಲ್ಲಿ ಇಡುವ ಹಾಗಿಲ್ಲ, 24 ಗಂಟೆಯೊಳಗೆ ಮಂಡಳಿಯ ಮುಂದೆ ತರಬೇಕು. ಹೆಸರು, ಫೋಟೋ, ಶಾಲೆ ಯಾವುದನ್ನೂ ಪತ್ರಿಕೆ ಹಾಕಬಾರದು. ಇಷ್ಟೆಲ್ಲ ಇರುವಾಗ ‘ವಿಚಾರಣೆ’ ಅಂದರೆ ತಪ್ಪು ಚಿತ್ರ ಹೋಗುತ್ತದೆ. ‘ಕೇಳಿ ತಿಳಿಯುವುದು’ ಅಂತ ಬಿಡಿಸಿ ಬರೆಯಲಾ?

ಪೆಟಿ ಅಫೆನ್ಸ್ ಅಂದರೆ ಕಾಯ್ದೆಯಲ್ಲಿ ಹೆಚ್ಚೆಂದರೆ 3 ವರ್ಷದವರೆಗೆ ಶಿಕ್ಷೆ ಇರುವ ಅಪರಾಧ. ‘ಕ್ಷುಲ್ಲಕ’ ಅಂದರೆ ಕಳೆದುಕೊಂಡವನಿಗೆ ಅವಮಾನ ಮಾಡಿದ ಹಾಗೆ. ‘ಸಣ್ಣ ಅಪರಾಧ’ ಸಾಕು ಅನ್ನಿಸುತ್ತದೆ. ಇಂಥ ಕೇಸು 4 ತಿಂಗಳಲ್ಲಿ ಮುಗಿಯಬೇಕು, ಜಾಸ್ತಿ ಎಂದರೆ ಇನ್ನು 2 ತಿಂಗಳು. ಆಮೇಲೂ ಮುಗಿಯದಿದ್ದರೆ ಕೇಸು ಅಲ್ಲಿಗೇ ನಿಂತುಹೋಗುತ್ತದೆ. ಇದನ್ನು ದಪ್ಪಕ್ಷರದಲ್ಲಿ ಹಾಕುತ್ತಿದ್ದೇನೆ.

ಮತ್ತೆ ಅದೇ ಕಾಯ್ದೆಯ 18ನೇ ಕಲಮಿನ ‘ಅಡ್ಮೋನಿಷನ್’, ಅಂದರೆ ಗದರಿಸಿ ಎಚ್ಚರಿಸುವುದು. ಬುದ್ಧಿವಾದ ಹೇಳಿ ಅಥವಾ ಅಡ್ಮೋನಿಷನ್ ಕೊಟ್ಟು ಮನೆಗೆ ಕಳಿಸಬಹುದು ಅಂತಿದೆ. ‘ಛೀಮಾರಿ’ ಪತ್ರಿಕೆಗಳಲ್ಲಿ ಸರಕಾರಕ್ಕೆ ಹಾಕುವಂಥದ್ದು, ಮಕ್ಕಳಿಗಲ್ಲ. ‘ತಾಕೀತು’ ಹೇಗಿದೆ? ನನಗೆ ಅದೇ ಇಷ್ಟ, ಗಟ್ಟಿಯಾಗಿದೆ, ಅವಮಾನ ಇಲ್ಲ. ‘ಕಮ್ಯುನಿಟಿ ಸರ್ವಿಸ್’ಗೆ ಸದ್ಯ ‘ಸಮಾಜಸೇವೆ’ ಅಂತ ಹಾಕಿದ್ದೇನೆ. ಪಾರ್ಕು ನೋಡಿಕೊಳ್ಳುವುದು, ಆಸ್ಪತ್ರೆಯಲ್ಲಿ ನೆರವಾಗುವುದು ಇಂಥವು, 14 ದಾಟಿದವರಿಗೆ.

ಒಂದು ಎಚ್ಚರ ಕಾಸರಗೋಡಿನವರಿಗೇ. ಮಲಯಾಳಂನಲ್ಲಿ ‘ಪ್ರತಿ’ ಅಂದರೆ ಆರೋಪಿ, ನಮಗೆ ಕಾಪಿ. ಮಲಯಾಳಂ ನೋಟೀಸನ್ನು ಅವಸರದಲ್ಲಿ ಕನ್ನಡ ಮಾಡುವಾಗ ‘ಒಂದನೇ ಪ್ರತಿ’ ಹಾಗೇ ಉಳಿದುಬಿಟ್ಟರೆ ಓದಿದವರಿಗೆ ತಲೆಬುಡ ಗೊತ್ತಾಗುವುದಿಲ್ಲ.

ಕೋರ್ಟಿನ ಕನ್ನಡ ಬಲ್ಲವರು, ಅದರಲ್ಲೂ ಪುತ್ತೂರು, ಮಂಗಳೂರು ಕಡೆಯ ವಕೀಲರು, ಅಲ್ಲಿ ನಿತ್ಯ ಬಾಯಲ್ಲಿ ಬರುವ ಪದಗಳು ಯಾವುವು ತಿಳಿಸಿ. ಅಚ್ಚಿಗೆ ಕೊಡುವ ಮೊದಲು ‘ವಿಚಾರಣೆ’ಗೆ ಒಂದು ದಾರಿ ಸಿಕ್ಕಿದರೆ ದೊಡ್ಡ ಉಪಕಾರ.