ವರ ಕೊಡದ ಬಾಹುಬಲಿಗೆ ಅಭಿಷೇಕ ಯಾರಿಗಾಗಿ?

ಮಲೆನಾಡಿಗ (ಪ್ರಶ್ನೆ):
ಶ್ರವಣಬೆಳಗೊಳದಲ್ಲಿ 2018ರಲ್ಲಿ ನಡೆದ ಮಹಾಮಸ್ತಕಾಭಿಷೇಕವನ್ನು ದೂರದರ್ಶನದಲ್ಲಿ ನೋಡಿದಾಗ ಹುಟ್ಟಿದ ಸಂದೇಹವಿದು. ಬಾಹುಬಲಿ ಕರ್ಮಗಳನ್ನೆಲ್ಲ ಕಳೆದು ಮುಕ್ತನಾದವನಾದ್ದರಿಂದ ಪೂಜಿಸಿದವರಿಗೆ ಒಲಿಯುವುದೂ ಇಲ್ಲ, ಮರೆತವರ ಮೇಲೆ ಮುನಿಯುವುದೂ ಇಲ್ಲ ಎಂದು ಜೈನರು ಹೇಳುತ್ತಾರೆ. ಹಾಗಿದ್ದರೆ ಹನ್ನೆರಡು ವರ್ಷಗಳಿಗೊಮ್ಮೆ ಅಷ್ಟೆತ್ತರದ ಮೂರ್ತಿಯ ಮೇಲೆ ಹಾಲು, ಎಳನೀರು, ಕಬ್ಬಿನ ರಸ, ಚಂದನಗಳನ್ನು ಸುರಿಯುವುದು ಯಾರಿಗಾಗಿ?

ಬಸದಿಯ ನೆರೆಯವ:
ಪೂಜಿಸುವವನಿಗಾಗಿ. ‘ವಂದೇ ತದ್ಗುಣಲಬ್ಧಯೇ’ ಎಂಬ ಪ್ರಸಿದ್ಧ ಮಂಗಲ ಶ್ಲೋಕದ ಕೊನೆಯ ಸಾಲು, ಆ ಗುಣಗಳು ನನಗೂ ದೊರೆಯಲೆಂದು ವಂದಿಸುತ್ತೇನೆ ಎನ್ನುತ್ತದೆಯೇ ಹೊರತು ಬೇರೇನನ್ನೂ ಬೇಡುವುದಿಲ್ಲ. ಬಸದಿಗಳಲ್ಲಿ ನಿತ್ಯ ನಡೆಯುವ ಅಷ್ಟದ್ರವ್ಯ ಪೂಜೆಯನ್ನು ಗಮನಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ನೀರನ್ನು ಅರ್ಪಿಸುವಾಗ ಹುಟ್ಟು, ಮುಪ್ಪು, ಸಾವುಗಳು ನಾಶವಾಗಲಿ ಎಂದೂ, ಅಕ್ಷತೆಯನ್ನಿಡುವಾಗ ಕ್ಷಯವಿಲ್ಲದ ಪದವಿ ಸಿಗಲಿ ಎಂದೂ, ಧೂಪ ಹಾಕುವಾಗ ಎಂಟು ಬಗೆಯ ಕರ್ಮಗಳು ಸುಟ್ಟುಹೋಗಲಿ ಎಂದೂ ಹೇಳಿಕೊಳ್ಳುತ್ತಾರೆ. ನೈವೇದ್ಯದ ಮಾತಂತೂ ನನಗೆ ಬಹಳ ಹಿಡಿಸಿದ್ದು: ಅದನ್ನು ದೇವರು ಉಣ್ಣಲೆಂದು ಇಡುವುದಿಲ್ಲ, ಹಸಿವೆಂಬ ರೋಗವೇ ತಮ್ಮಿಂದ ತೊಲಗಲೆಂದು ಇಡುತ್ತಾರೆ. ಏನನ್ನೂ ತಮ್ಮದೆಂದು ಇಟ್ಟುಕೊಳ್ಳದ ಮುನಿಗಳು ದ್ರವ್ಯಗಳಿಲ್ಲದೆ ಭಾವಪೂಜೆಯನ್ನಷ್ಟೇ ಮಾಡುತ್ತಾರೆ.

ಶಾಸನಪ್ರಿಯ:
ಸಿದ್ಧಾಂತ ಹಾಗಿದ್ದರೂ ಜನರ ನಡೆ ಅಷ್ಟಕ್ಕೇ ನಿಲ್ಲುವುದಿಲ್ಲ. ಮಕ್ಕಳಾಗಲಿ, ಕಾಯಿಲೆ ವಾಸಿಯಾಗಲಿ ಎಂದು ಹರಕೆ ಹೊರುವವರು ಹೊಂಬುಜದ ಪದ್ಮಾವತಿಯ ಬಳಿಗೆ ಹೋಗುತ್ತಾರೆ. ತೀರ್ಥಂಕರ ಪಾರ್ಶ್ವನಾಥರ ಯಕ್ಷಿ, ಅಂದರೆ ಕಾವಲು ದೇವತೆಯಾದ ಆಕೆ ಇನ್ನೂ ಹುಟ್ಟು-ಸಾವುಗಳ ಸಂಸಾರದೊಳಗೇ ಇರುವುದರಿಂದ ಭಕ್ತರ ಮೊರೆಗೆ ಓಗೊಡಬಲ್ಲಳು. ತೀರ್ಥಂಕರರಿಗೆ ವಂದನೆ, ಯಕ್ಷಿಗೆ ಬೇಡಿಕೆ ಎಂಬ ಈ ಹಂಚಿಕೆ ಬಹಳ ಜಾಣತನದ್ದೆಂದು ನನಗನ್ನಿಸುತ್ತದೆ. ಅಭಿಷೇಕದ ವಿಷಯದಲ್ಲಿಯೂ ಎಲ್ಲ ಜೈನರು ಒಂದೇ ಮಾತಿನವರಲ್ಲ. ದಿಗಂಬರರಲ್ಲಿ ತೇರಾಪಂಥದವರು ಜೀವಹಿಂಸೆಯ ಅಂಜಿಕೆಯಿಂದ ಪಂಚಾಮೃತವನ್ನೂ ಹಸಿ ಹೂವನ್ನೂ ಬಿಟ್ಟು, ಶುದ್ಧ ನೀರನ್ನೂ ಹೂವಿನ ಬದಲು ಬಣ್ಣ ಹಚ್ಚಿದ ಅಕ್ಕಿಯನ್ನೂ ಬಳಸುತ್ತಾರೆ.

ಇನ್ನು, ಮೂರ್ತಿಯನ್ನು ಮಾಡಿಸಿದ ಗಂಗರ ಮಂತ್ರಿ ಚಾವುಂಡರಾಯನೇ ಕೊಡಗಟ್ಟಲೆ ಹಾಲೆರೆದರೂ ಅದು ಪಾದದವರೆಗೆ ಇಳಿಯಲಿಲ್ಲ, ಗುಳ್ಳದ ಕಾಯಿಯಲ್ಲಿ ಮುದುಕಿಯೊಬ್ಬಳು ತಂದ ಹಾಲು ಇಳಿಯಿತು ಎಂಬ ಐತಿಹ್ಯವಿದೆ. ಆ ಗುಳ್ಳಕಾಯಜ್ಜಿಯ ವಿಗ್ರಹ ದೊಡ್ಡಬೆಟ್ಟದಲ್ಲಿ ಗೊಮ್ಮಟನ ಎದುರಿಗೇ ಇದೆ. ಎರೆಯುವವನ ಮನಸ್ಸೇ ಮುಖ್ಯವೆಂಬುದಕ್ಕೆ ಮಂತ್ರಿಯ ಸೋಲನ್ನೇ ಸಾಕ್ಷಿಯಾಗಿಟ್ಟ ಪರಂಪರೆಯದು.

ಮಲೆನಾಡಿಗ:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಅರ್ಪಿಸಿದ ನೈವೇದ್ಯವನ್ನು ಪ್ರಸಾದವಾಗಿ ಹಂಚುತ್ತಾರೆಯೇ?

ಬಸದಿಯ ನೆರೆಯವ:
ಇಲ್ಲ. ಜಿನನಿಗೆ ಅರ್ಪಿಸಿದ್ದು ನಿರ್ಮಾಲ್ಯವಾಗುತ್ತದೆ. ತ್ಯಾಗ ಮಾಡಿದ್ದನ್ನು ಶ್ರಾವಕರು (ಗೃಹಸ್ಥ ಜೈನರು) ಮರಳಿ ಉಣ್ಣುವಂತಿಲ್ಲ. ಅಭಿಷೇಕದ ಗಂಧೋದಕವನ್ನು ಮಾತ್ರ ಭಕ್ತಿಯಿಂದ ತಲೆಗೆ, ಕಣ್ಣಿಗೆ ಹಚ್ಚಿಕೊಳ್ಳುತ್ತಾರೆ.