ಐಸಿಯು ಮುಗಿಸಿ ಊರಿಗೆ ಹೊರಟವರ ಮನೆಯವರಿಗೆ ಹೇಳಿಕೊಡುವುದನ್ನು ನರ್ಸಿಂಗ್ ಮಕ್ಕಳಿಗೆ ಹೇಗೆ ಕಲಿಸುತ್ತೀರಿ?

ಪ್ರಶ್ನೆ: ನರ್ಸಿಂಗ್ ಟ್ಯೂಟರ್, ಶಿವಮೊಗ್ಗ

ನಮ್ಮ ಬಿ.ಎಸ್ಸಿ ನರ್ಸಿಂಗ್ ಮಕ್ಕಳಿಗೆ ಹೆಲ್ತ್ ಟಾಕ್ ಕೊಡಿ ಎಂದರೆ ಚಂದದ ಚಾರ್ಟ್ ಬರೆದುಕೊಂಡು ಬಂದು ಪಟಪಟ ಒಪ್ಪಿಸುತ್ತಾರೆ. ಪೇಷಂಟ್ ಕಡೆಯವರ ತಲೆಗೆ ಏನೂ ಇಳಿದಿರುವುದಿಲ್ಲ. ಮೊನ್ನೆ ಅಡಿಕೆ ಮರದಿಂದ ಬಿದ್ದವರೊಬ್ಬರು ವೆಂಟಿಲೇಟರ್‌ನಿಂದ ಹೊರಬಂದು ಹೊಸನಗರ ಕಡೆಯ ಹಳ್ಳಿಗೆ ಹೊರಟರು. ಮೂಗಿನಲ್ಲಿ ಹೊಟ್ಟೆಗೆ ಆಹಾರ ಇಳಿಸುವ ರೈಲ್ಸ್ ಟ್ಯೂಬ್, ಕುತ್ತಿಗೆಯಲ್ಲಿ ಉಸಿರಾಟಕ್ಕೆ ಹಾಕಿದ ಟ್ರೇಕಿಯಾಸ್ಟಮಿ ಟ್ಯೂಬ್. ನಮ್ಮ ಹುಡುಗಿ "ಫೀಡ್ ಕೊಡುವಾಗ ತಲೆ 30ರಿಂದ 45 ಡಿಗ್ರಿ ಎತ್ತರದಲ್ಲಿರಲಿ" ಎಂದಳು. ಅವರ ಹೆಂಡತಿ "ಆಯ್ತು ಸಿಸ್ಟರ್" ಎಂದರು. ಮನೆಯಲ್ಲಿರುವುದು ಹಲಗೆ ಮಂಚ! ನೀವೆಲ್ಲ ಇದನ್ನು ಹೇಗೆ ಕಲಿಸುತ್ತೀರಿ?

ಉತ್ತರ: ಐಸಿಯು ಸ್ಟಾಫ್ ನರ್ಸ್, ತೀರ್ಥಹಳ್ಳಿಯವಳು

ಮೇಡಂ, ಮೊದಲು ಆ ಚಾರ್ಟ್ ಪಕ್ಕಕ್ಕಿಡಿಸಿ. ನಾನು ಸ್ಟೂಡೆಂಟ್‌ಗಳಿಗೆ ಹೇಳುವುದು ಇಷ್ಟೇ: ಪಾಠ ಶುರು ಮಾಡುವ ಮೊದಲು ಮನೆ ಹೇಗಿದೆ ಅಂತ ಕೇಳಿ. ಬಚ್ಚಲು ಒಳಗೋ ಹೊರಗೋ? ಗಾಡಿ ಅಂಗಳದ ತನಕ ಬರುತ್ತದೋ, ತೋಟದೊಳಗೆ ಹೊತ್ತುಕೊಂಡು ಹೋಗಬೇಕೋ? ಮಳೆಗಾಲದಲ್ಲಿ ಕರೆಂಟ್ ಎಷ್ಟು ಹೊತ್ತು ಇರುವುದಿಲ್ಲ? ನಮ್ಮ ಕಡೆ ಗಾಳಿಮಳೆಗೆ ಮರ ಬಿದ್ದರೆ ಲೈನ್ ಸರಿಯಾಗುವ ತನಕ ಕಫ ಎಳೆಯುವ ಸಕ್ಷನ್ ಮಷಿನ್ ಸುಮ್ನೆ ಕೂತಿರುತ್ತದೆ, ಬೆನ್ನು ಹುಣ್ಣಾಗದಂತೆ ಹಾಸುವ ಏರ್ ಬೆಡ್ ಗಾಳಿ ಇಳಿಯುತ್ತದೆ. ಹಾಗಾಗಿ ಕಾಲಲ್ಲಿ ತುಳಿಯುವ ಸಕ್ಷನ್ ಪಂಪ್ ತೋರಿಸಬೇಕು. 2 ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನೂ ಮಾಡಿಸಬೇಕು.

ಇನ್ನೊಂದು, ವಾರ್ಡಿನಲ್ಲಿ ನಿಂತು ತಲೆಯಾಡಿಸುವವರು ಭಾವನೋ ಚಿಕ್ಕಪ್ಪನೋ ಆಗಿರುತ್ತಾರೆ. ಫೀಡ್ ಹಾಕುವವಳು ಮನೆಯಲ್ಲಿರುವ ಸೊಸೆ. ಡಿಸ್ಚಾರ್ಜ್ ದಿನಕ್ಕೆ ಕಾಯದೆ ಅವಳನ್ನೇ ಕರೆಸಿ. ಅವಳು ಮಾಡಲಿ, ಸ್ಟೂಡೆಂಟ್ ಕೈ ಹಿಂದೆ ಕಟ್ಟಿಕೊಂಡು ನೋಡಲಿ. ಟ್ಯೂಬಿನ ಗುರುತು ಜಾಗದಲ್ಲೇ ಇದೆಯಾ ನೋಡುವುದು, ಸೋಸಿದ ಗಂಜಿಯನ್ನು ಸಿರಿಂಜಿನಿಂದ ಒತ್ತದೆ ತಾನಾಗಿ ಇಳಿಯಲು ಬಿಡುವುದು, ಆಮೇಲೆ ನೀರು, ಅರ್ಧ ಗಂಟೆಯಾದರೂ ಒರಗಿಸಿಯೇ ಇರುವುದು. ಡಿಗ್ರಿ ಯಾಕೆ ಬೇಕು? ಕುರ್ಚಿಯನ್ನು ಬೋರಲು ಹಾಕಿ ಅದರ ಬೆನ್ನಿಗೆ ದಿಂಬು ಒರಗಿಸಿದರೆ ಹಲಗೆ ಮಂಚವೂ ಆಸ್ಪತ್ರೆ ಮಂಚ ಆಗುತ್ತದೆ. ಸಕ್ಷನ್ ಒಂದು ಸಲಕ್ಕೆ 10-15 ಸೆಕೆಂಡ್ ಮೀರಬಾರದು ಅಲ್ವಾ? ಗಡಿಯಾರ ಬೇಡ. ಮಾಡುವವರು ತಮ್ಮ ಉಸಿರು ಹಿಡಿದುಕೊಳ್ಳಲಿ, ತಮಗೆ ಸಾಕೆನಿಸುವ ಮೊದಲೇ ಹೊರಗೆ ತೆಗೆಯಲಿ.

"ಗೊತ್ತಾಯ್ತಾ?" ಎಂಬ ಪ್ರಶ್ನೆಯನ್ನು ನಾನು ಬಿಡಿಸಿಬಿಟ್ಟಿದ್ದೇನೆ. ಅದಕ್ಕೆ ಎಲ್ಲರೂ ಹೂಂ ಎನ್ನುತ್ತಾರೆ. "ಮನೆಗೆ ಹೋಗಿ ನಿಮ್ಮತ್ತೆಗೆ ಇದನ್ನು ಹೇಗೆ ಹೇಳ್ತೀರಿ, ನನಗೊಮ್ಮೆ ಹೇಳಿ" ಅಂತ ಕೇಳಿಸಿ. ತಪ್ಪಿದ್ದರೆ ಅಲ್ಲೇ ಸಿಕ್ಕುತ್ತದೆ.

ಉತ್ತರ: ಸಾಗರ ಕಡೆಯ ಗೃಹಿಣಿ

ನಾನು ನರ್ಸ್ ಅಲ್ಲ, ಐಸಿಯುನಿಂದ ಮನೆಗೆ ಬಂದ ಮಾವನನ್ನು ನೋಡಿಕೊಂಡವಳು. ಟ್ಯೂಬು, ಮಾತ್ರೆ ಎಲ್ಲ ಹೇಳಿಕೊಟ್ಟಿದ್ದರು. ರಾತ್ರಿ ಹೊತ್ತು ಮಾವ "ನನ್ನ ಕೈ ಕಟ್ಟಿ ಹಾಕಿದ್ದಾರೆ, ಪೊಲೀಸರನ್ನು ಕರಿ" ಅಂತ ಕೂಗುತ್ತಾರೆ ಎಂದು ಯಾರೂ ಹೇಳಿರಲಿಲ್ಲ. ಮೊಮ್ಮಗನ ಹೆಸರೇ ಮರೆತಿದ್ದರು. ಗಾಳಿ ಸೋಕಿದೆ ಎಂದರು ನೆಂಟರು. ಸಿಗಂದೂರಿಗೆ ಹರಕೆಯನ್ನೂ ಹೊತ್ತೆವು. ಅದಿರಲಿ, ನನಗಂತೂ ತಿಂಗಳುಗಟ್ಟಲೆ ನಿದ್ದೆಯಿಲ್ಲ. ನಿಮ್ಮ ಮಕ್ಕಳು ಇದನ್ನೂ ಹೇಳಿದರೆ ಪುಣ್ಯ ಬರುತ್ತದೆ.

ಉತ್ತರ: ಐಸಿಯು ಸ್ಟಾಫ್ ನರ್ಸ್

ಅಕ್ಕಾ, ಇದಕ್ಕೆ ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್ ಅಂತಾರೆ, ಅಂದರೆ ಐಸಿಯುನಿಂದ ಬಂದ ಮೇಲೂ ಉಳಿಯುವ ತೊಂದರೆಗಳು. 2010ರಲ್ಲಿ ಅಮೆರಿಕದ ಸೊಸೈಟಿ ಆಫ್ ಕ್ರಿಟಿಕಲ್ ಕೇರ್ ಮೆಡಿಸಿನ್ ಕರೆದ ಸಭೆಯಲ್ಲಿ ಈ ಹೆಸರು ಒಪ್ಪಿಕೊಂಡರು. ಮೈಯ ಸುಸ್ತು, ಮರೆವು, ಭಯ ಎಲ್ಲವೂ ಅದರಲ್ಲಿ ಬರುತ್ತವೆ. ನೋಡಿಕೊಳ್ಳುವವರ ನಿದ್ದೆಗೇಡು, ಆತಂಕವನ್ನೂ ಅದರಲ್ಲೇ ಲೆಕ್ಕ ಹಿಡಿದಿದ್ದಾರೆ, ನಿಮ್ಮದೂ ಸೇರಿ.

ಮೇಡಂ, ಇದಕ್ಕೊಂದು ಒಳ್ಳೇ ಕೆಲಸ ಇದೆ. ಯುರೋಪಿನ ಎಷ್ಟೋ ಐಸಿಯುಗಳಲ್ಲಿ ನರ್ಸ್‌ಗಳು ಪೇಷಂಟ್ ಹೆಸರಲ್ಲಿ ಡೈರಿ ಬರೆಯುತ್ತಾರೆ. ನಿಮ್ಮ ಮಕ್ಕಳೂ ಬರೆಯಲಿ, ಕನ್ನಡದಲ್ಲಿ. "ಇವತ್ತು ನೀವು ಟ್ಯೂಬ್ ಎಳೆಯಲು ಹೋದಿರಿ, ಅದಕ್ಕೆ ಕೈ ಕಟ್ಟಿದೆವು. ಮಗಳು ಬಂದು ಮಾತಾಡಿಸಿದಳು." ಎಚ್ಚರವಾದವರಿಗೆ ಕಳೆದುಹೋದ ದಿನಗಳ ಲೆಕ್ಕ ಸಿಕ್ಕುತ್ತದೆ.

ಪ್ರಶ್ನೆ ಕೇಳಿದವರು

ಡೈರಿ ಖಂಡಿತ ಮಾಡಿಸುತ್ತೇನೆ. ಆದರೆ ಮಾರ್ಕ್ಸ್ ಇರುವುದು ಚಾರ್ಟಿಗೆ!

ಉತ್ತರ: ಐಸಿಯು ಸ್ಟಾಫ್ ನರ್ಸ್

ಹಾಗಿದ್ದರೆ ಚಾರ್ಟಿನಲ್ಲಿ ದೊಡ್ಡ ಅಕ್ಷರದಲ್ಲಿ ಇಷ್ಟೇ ಬರೆಸಿ, ಮನೆಯವರು ಅದನ್ನೇ ಗೋಡೆಗೆ ಅಂಟಿಸಿಕೊಳ್ಳಲಿ: ರೈಲ್ಸ್ ಟ್ಯೂಬ್ ಹೊರಬಂದರೆ ನೀವೇ ಹಾಕಬೇಡಿ, ಆಸ್ಪತ್ರೆಗೆ ಬನ್ನಿ. ಕುತ್ತಿಗೆಯ ಟ್ಯೂಬ್ ಹೊರಬಂದರೆ, ಉಸಿರು ಕಟ್ಟಿದರೆ ತಕ್ಷಣ 108. ಜ್ವರ ಬಂದರೆ ನಾಳೆ ನೋಡೋಣ ಅನ್ನಬೇಡಿ. ಕೆಳಗೆ ವಾರ್ಡಿನ ಫೋನ್ ನಂಬರ್.