ಪದಚರ್ಚೆ: ‘ಕಾನ್ಸೆಪ್ಟ್ ಕಾರು’ ಕನ್ನಡದಲ್ಲಿ ಏನಾಗಬೇಕು?

ಎಲ್ಲರಿಗೂ ನಮಸ್ಕಾರ.

ಒಂದು ಪದ ಹದಿನೈದು ದಿನದಿಂದ ತಲೆ ತಿನ್ನುತ್ತಿದೆ. ನಾನು ವಾಹನಗಳ ಬಗ್ಗೆ ಕನ್ನಡದಲ್ಲಿ ಬರೆಯುವವನು. ‘ಕಾನ್ಸೆಪ್ಟ್ ಕಾರು’ ಅನ್ನುವ ಮಾತು ವಾರಕ್ಕೊಮ್ಮೆಯಾದರೂ ಎದುರಾಗುತ್ತದೆ. ಕಂಪನಿಯವರು ಮಾರಲು ಅಲ್ಲದೆ, ತಮ್ಮ ಹೊಸ ಯೋಚನೆಯನ್ನು ಜನರಿಗೆ ತೋರಿಸಲೆಂದೇ ಮಾಡುವ ಕಾರು ಅದು. ಪತ್ರಿಕೆಗಳಲ್ಲಿ ‘ಪರಿಕಲ್ಪನಾ ಕಾರು’ ಎಂದು ಬರುತ್ತದೆ, ನಾನೂ ಹಾಗೇ ಬರೆದುಕೊಂಡು ಬಂದಿದ್ದೆ. ಓದುವವರಿಗೆ ಅದು ತಲುಪುತ್ತಿಲ್ಲ ಅಂತ ಮೊನ್ನೆ ಗೊತ್ತಾಯಿತು.

ನಮ್ಮ ಭಾವ ಹಾಸನದಲ್ಲಿ ಟ್ಯಾಕ್ಸಿ ಓಡಿಸುತ್ತಾರೆ. ಅವರಿಗೆ ರೋಲ್ಸ್‌ರಾಯ್ಸ್ 103ಇಎಕ್ಸ್ ಕಾರಿನ ಚಿತ್ರ ತೋರಿಸಿದೆ. 2016ರಲ್ಲಿ ಲಂಡನ್ನಿನಲ್ಲಿ ಪರದೆ ಸರಿಸಿದ ಕಾರು ಅದು. ಹೆಚ್ಚುಕಮ್ಮಿ ಆರು ಮೀಟರ್ ಉದ್ದ. ಸ್ಟೇರಿಂಗ್ ಇಲ್ಲ, ಡ್ರೈವರ್ ಸೀಟೂ ಇಲ್ಲ. ಒಳಗೆ ರೇಷ್ಮೆ ಹೊದಿಸಿದ ಸೋಫಾ, ಕಾಲಡಿಗೆ ದಪ್ಪ ಉಣ್ಣೆಯ ಹಾಸು, ಎದುರಿಗೆ ಟಿವಿಯಂಥ ಅಗಲವಾದ ಒಂದು ಪರದೆ. ಬಾಗಿಲು ತೆರೆದರೆ ಮೇಲಿನ ಗಾಜಿನ ಮಾಡೂ ಎದ್ದುಕೊಳ್ಳುತ್ತದೆ. ತಲೆ ಬಗ್ಗಿಸದೆ, ನೆಟ್ಟಗೆ ನಿಂತು ಇಳಿಯಬಹುದು. ಭಾವ ಎರಡು ಬೆರಳಲ್ಲಿ ಚಿತ್ರ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು.

“ಯಾವಾಗ ಬರುತ್ತೆ ಇದು?”

“ಬರಲ್ಲ ಭಾವ. ಇದು ಪರಿಕಲ್ಪನಾ ಕಾರು.”

“ಅಂದ್ರೆ, ಸ್ಯಾಂಪಲ್ಲಾ?”

“ಸ್ಯಾಂಪಲ್ ಅಲ್ಲ. ಮಾರೋಕೆ ಮಾಡಿದ್ದೇ ಅಲ್ಲ.”

“ಮಾರಲ್ಲ ಅಂದ್ಮೇಲೆ ಇಷ್ಟು ಖರ್ಚು ಮಾಡಿ ಯಾಕೆ ಮಾಡ್ತಾರೋ?”

ಅದನ್ನು ಬಿಡಿಸಿ ಹೇಳಲು ಕಾಲು ಗಂಟೆ ಬೇಕಾಯಿತು. ಸರಿಯಾದ ಪದ ಇದ್ದಿದ್ದರೆ ಅರ್ಧ ಕೆಲಸ ಅದೇ ಮಾಡುತ್ತಿತ್ತು, ಅಲ್ವಾ? ಇನ್ನೊಂದು ಮಾತು. ‘ಚಾಲಕರಹಿತ’ ಅನ್ನುವ ಪದ ನಾಲಿಗೆ ತುದಿಗೆ ಬಂತು. ಮೂವತ್ತು ವರ್ಷ ಸ್ಟೇರಿಂಗ್ ಹಿಡಿದವರ ಮುಂದೆ ಅದನ್ನು ಆಡಲು ಮನಸ್ಸಾಗಲಿಲ್ಲ. ‘ತಾನೇ ಓಡುವ ಕಾರು’ ಎಂದೆ. ಈಗ ಬರವಣಿಗೆಯಲ್ಲೂ ಅದನ್ನೇ ಬಳಸುತ್ತಿದ್ದೇನೆ.

‘ಪರಿಕಲ್ಪನೆ’ ನನಗೆ ಒಗ್ಗದಿರಲು ಕಾರಣ ಇದು. ಪರಿಕಲ್ಪನೆ ತಲೆಯೊಳಗೆ ಇರುವಂಥದ್ದು. ಈ ಕಾರು ನಾಲ್ಕು ಗಾಲಿಯ ಮೇಲೆ ಕಣ್ಣೆದುರು ನಿಂತಿದೆ, ಮುಟ್ಟಬಹುದು. ‘ಮಾದರಿ ಕಾರು’ ಅನ್ನೋಣ ಎಂದರೆ, ‘ಹೊಸ ಮಾದರಿ ಬಂದಿದೆ’ ಅಂತ ಶೋರೂಮಿನವರು ಹೇಳುವುದು ಮಾರುವ ಕಾರಿಗೇ. ಭಾವ ಹೇಳಿದ ‘ಸ್ಯಾಂಪಲ್’ ಕೂಡ ಹಾಗೆ. ಹಿಂದೆ ಅಂಥದೇ ಸರಕು ರಾಶಿ ಇದೆ ಅಂತ ಅದರ ಅರ್ಥ.

‘ಕನಸಿನ ಕಾರು’ ಅಂತ ಕೆಲವರು ಬರೆಯುತ್ತಾರೆ. ಇದರ ಬೇರು ಅಮೆರಿಕದಲ್ಲಿದೆ. 1950ರ ದಶಕದಲ್ಲಿ ಜನರಲ್ ಮೋಟರ್ಸ್‌ನವರು ಮೋಟೋರಾಮಾ ಪ್ರದರ್ಶನಗಳಲ್ಲಿ ಇಂಥವನ್ನು ‘ಡ್ರೀಮ್ ಕಾರ್’ ಎಂದೇ ಕರೆದರು. ಅದಕ್ಕೂ ಮುಂಚೆ, 1938ರಲ್ಲಿ, ಅವರ ವಿನ್ಯಾಸ ವಿಭಾಗದ ಮುಖ್ಯಸ್ಥ ಹಾರ್ಲಿ ಅರ್ಲ್ ಬ್ಯೂಯಿಕ್ ವೈ-ಜಾಬ್ ಮಾಡಿಸಿದ್ದ. ಈ ಜಾತಿಯ ಮೊದಲನೆಯ ಕಾರು ಅದೇ ಅಂತ ಬಹಳ ಜನ ಹೇಳುತ್ತಾರೆ. ಕಣ್ಣು ಮುಚ್ಚಿಕೊಳ್ಳುವ ಹೆಡ್‌ಲೈಟ್, ಕರೆಂಟಿನಿಂದ ಏರಿಳಿಯುವ ಕಿಟಕಿ. ಮಾಡಿದ್ದು ಒಂದೇ ಒಂದು, ಅದನ್ನು ಅವನೇ ವರ್ಷಗಟ್ಟಲೆ ಓಡಿಸಿದ. ಆದರೆ ನಮ್ಮಲ್ಲಿ ‘ಕನಸಿನ ಮನೆ’ ಅಂದರೆ ಸಾಲ ಮಾಡಿಯಾದರೂ ನಾನು ಕಟ್ಟಿಸಬೇಕೆಂದಿರುವ ಮನೆ. ‘ಕನಸಿನ ಕಾರು’ ಎಂದ ಕೂಡಲೇ ಕನಸು ಕೊಳ್ಳುವವನದಾಗುತ್ತದೆ. ಇಲ್ಲಿ ಕನಸು ಕಾಣುತ್ತಿರುವುದು ಮಾಡುವವನು.

ಜರ್ಮನ್ನರು ಇದಕ್ಕೆ ‘ಶ್ಟೂಡಿಯೆ’ ಅನ್ನುತ್ತಾರೆ. ಚಿತ್ರಗಾರ ದೊಡ್ಡ ಚಿತ್ರಕ್ಕೆ ಕೈ ಹಾಕುವ ಮುಂಚೆ ಬರೆದು ನೋಡುತ್ತಾನಲ್ಲ, ಆ ಅರ್ಥ. ಇದನ್ನು ಕೇಳಿದಾಗ ನನಗೆ ಹೊಳೆದದ್ದು ನಮ್ಮ ‘ಕರಡು’. ಕರಡು ಪ್ರತಿ, ಕರಡು ಮಸೂದೆ, ಹಾಗೇ ‘ಕರಡು ಕಾರು’. ಪೋರ್ಷೆ 2015ರಲ್ಲಿ ‘ಮಿಷನ್ ಇ’ ತೋರಿಸಿತು, 2019ರಲ್ಲಿ ಅದು ತಿದ್ದಿಸಿಕೊಂಡು ಟೈಕಾನ್ ಆಗಿ ಬಂತು. ನಮ್ಮ ಟಾಟಾದವರ ಎಚ್5ಎಕ್ಸ್ 2018ರ ಆಟೋ ಎಕ್ಸ್‌ಪೋದಲ್ಲಿ ಕಂಡಿತು, ಮರುವರ್ಷ ಹ್ಯಾರಿಯರ್ ಆಗಿ ರಸ್ತೆಗಿಳಿಯಿತು. ಇವಕ್ಕೆ ಕರಡು ಎಂಬ ಮಾತು ಅಳತೆ ತೆಗೆದು ಹೊಲಿದಂತೆ ಕೂರುತ್ತದೆ.

ಆದರೆ 103ಇಎಕ್ಸ್ ಯಾವುದಕ್ಕೂ ಕರಡಲ್ಲ. ಮುಂದೆ ಹೀಗಿರಬಹುದು ಎಂದು ಕೈಚಾಚಿ ತೋರಿಸುವ ಕಾರು. ಅಂಥವಕ್ಕೆ ‘ಮುನ್ನೋಟದ ಕಾರು’ ಅನ್ನಬಹುದು ಅಂತ ನನ್ನ ಅನಿಸಿಕೆ. ಇಂಗ್ಲಿಷಿನಲ್ಲಿ ಎರಡನ್ನೂ ಒಂದೇ ಪದದಲ್ಲಿ ತುರುಕಿದ್ದಾರೆ, ನಾವೂ ಹಾಗೆ ಮಾಡಬೇಕಾಗಿಲ್ಲ. ನನಗೆ ತೊಡಕಾಗಿರುವುದು ನಡುವಿನವು. 1970ರ ಟ್ಯೂರಿನ್ ಪ್ರದರ್ಶನದಲ್ಲಿ ಇಟಲಿಯ ವಿನ್ಯಾಸ ಸಂಸ್ಥೆ ಬೆರ್ಟೋನೆಯವರು ಇಟ್ಟ ಲಾಂಚಿಯಾ ಸ್ಟ್ರಾಟೋಸ್ ಝೀರೋ ನೋಡಿ. ಎತ್ತರ 84 ಸೆಂಟಿಮೀಟರ್, ಅಡುಗೆಮನೆ ಕಟ್ಟೆಯಷ್ಟು. ಮುಂದಿನ ಗಾಜನ್ನೇ ಎತ್ತಿ ಒಳಗೆ ಇಳಿಯಬೇಕು. ಆ ಕಾರು ಮಾರಾಟಕ್ಕೆ ಬರಲಿಲ್ಲ, ಆದರೆ ಅದೇ ಬೆರ್ಟೋನೆ ಆಮೇಲೆ ಲಾಂಚಿಯಾ ಕಂಪನಿಗೆ ಸ್ಟ್ರಾಟೋಸ್ ಎಂಬ ಬೇರೆಯೇ ಕಾರನ್ನು ರೂಪಿಸಿಕೊಟ್ಟಿತು. ಇದು ಕರಡೋ ಮುನ್ನೋಟವೋ? ‘ಹೊಳಹು’ ಅನ್ನೋಣವೇ?

ಇದರ ಜೊತೆಗೇ ‘ಐಷಾರಾಮಿ’ ಬಗ್ಗೆಯೂ ಕೇಳಬೇಕು. ಅರಬ್ಬಿಯ ‘ಐಷ್’, ಪಾರಸಿಯ ‘ಆರಾಮ್’ ಎರಡೂ ಕೂಡಿ ಬಂದ ಮಾತು ಇದು. ನಾವು ಒಂದೇ ಪದ ಎಂದುಕೊಂಡು ಬಳಸುತ್ತೇವೆ. ಹೊಸ ಕಾರುಗಳನ್ನು ನೋಡುತ್ತಾ ನನಗೆ ಇದು ಮತ್ತೆ ಎರಡಾಗುತ್ತಿದೆ ಅನ್ನಿಸುತ್ತಿದೆ. 2016ರ ‘ವಿಷನ್ ಮರ್ಸಿಡಿಸ್-ಮೈಬಾಖ್ 6’ ವಿದ್ಯುತ್ ಕಾರು, ಮುಂದೆ ಎಂಜಿನ್ನೇ ಇಲ್ಲ. ಆದರೂ ಮಾರುದ್ದದ ಬಾನೆಟ್ ಇದೆ. ಅದು ಐಷು, ಅಂದರೆ ವೈಭೋಗ, ನೋಡುವವರಿಗಾಗಿ. ಅದೇ ಮರ್ಸಿಡಿಸ್‌ನವರ 2015ರ ಎಫ್ 015 ಬೇರೆ ದಾರಿ ಹಿಡಿಯಿತು. ಕಾರು 5.22 ಮೀಟರ್ ಉದ್ದ, ಅದರಲ್ಲಿ ಮುಂದಿನ ಗಾಲಿಗಳ ಅಚ್ಚಿನಿಂದ ಹಿಂದಿನ ಅಚ್ಚಿಗೆ 3.61 ಮೀಟರ್. ಗಾಲಿಗಳನ್ನು ಎರಡು ತುದಿಗೆ ತಳ್ಳಿ ನಡುವಿನ ಜಾಗವನ್ನೆಲ್ಲ ಕೂರುವವರಿಗೆ ಬಿಟ್ಟಿದ್ದಾರೆ. ಮುಂದಿನ ಕುರ್ಚಿಗಳು ತಿರುಗಿ ಹಿಂದಿನವರಿಗೆ ಎದುರಾಗುತ್ತವೆ. ಇದು ಆರಾಮು, ಕೂತವರಿಗಾಗಿ. ‘ಆರಾಮ ಅದೀರಿ?’ ಅಂತ ಹುಬ್ಬಳ್ಳಿ ಕಡೆ ಕೇಳುತ್ತಾರಲ್ಲ, ಆ ಆರಾಮು. ಮುಂದಿನ ವಿನ್ಯಾಸ ಜಾಸ್ತಿ ವಾಲುತ್ತಿರುವುದು ಈ ಕಡೆಗೆ ಅಂತ ನಾನು ನಂಬುತ್ತೇನೆ. ಹಾಗಿದ್ದಾಗ ಎಲ್ಲಕ್ಕೂ ‘ಐಷಾರಾಮಿ’ ಅಂತ ಒಂದೇ ಮುದ್ರೆ ಒತ್ತಿದರೆ ಆಗುತ್ತಿರುವ ಬದಲಾವಣೆಯೇ ಕಾಣುವುದಿಲ್ಲ.

ಅಂದ ಹಾಗೆ, ಈ ಅಚ್ಚಿನಿಂದ ಅಚ್ಚಿನ ಅಳತೆಗೆ, ಅಂದರೆ ವೀಲ್‌ಬೇಸ್‌ಗೆ, ‘ಅಚ್ಚಿನಂತರ’ ಎಂದು ಬರೆಯಲು ಶುರು ಮಾಡಿದ್ದೇನೆ. ಎತ್ತಿನ ಗಾಡಿಯ ಅಚ್ಚು ಇನ್ನೂ ಜನರ ಬಾಯಲ್ಲಿದೆ, ಅದಕ್ಕೇ.

ಕೊನೆಯದು ‘ಕ್ಲೇ ಮಾಡೆಲ್’, ಕಾರಿನ ಆಕಾರ ಹೇಗೆ ಕಾಣುತ್ತದೆಂದು ನೋಡಲು ವಿನ್ಯಾಸಕಾರರು ತಿದ್ದುವ ಪ್ರತಿರೂಪ. ಕಂಪ್ಯೂಟರ್ ಬಂದ ಮೇಲೂ ಕಾರಿನ ಮೈಯನ್ನು ಪೂರ್ತಿ ಅಳತೆಯಲ್ಲಿ ಕೈಯಿಂದ ತಿದ್ದುವುದು ನಿಂತಿಲ್ಲ. ಕನ್ನಡದಲ್ಲಿ ಇದನ್ನು ‘ಜೇಡಿಮಣ್ಣಿನ ಮಾದರಿ’ ಎಂದು ಬರೆದದ್ದು ನೋಡಿದ್ದೇನೆ. ಅದು ತಪ್ಪು. ನೀರು ಹಾಕಿ ಕಲಸುವ ಮಣ್ಣಲ್ಲ ಅದು, ಮೇಣ ಮತ್ತು ಎಣ್ಣೆ ಸೇರಿದ್ದು. ಓವನ್ನಿನಲ್ಲಿ ಸುಮಾರು 60 ಡಿಗ್ರಿಗೆ ಬೆಚ್ಚಗೆ ಮಾಡಿ, ಫೋಮಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಬಳಿಯುತ್ತಾರೆ. ಆರಿದ ಮೇಲೆ ಹೆರೆದು ನುಣುಪು ಮಾಡುತ್ತಾರೆ. ‘ಮೇಣಮಣ್ಣು’ ಎಂಬ ಪದ ಕಟ್ಟಿಕೊಂಡಿದ್ದೇನೆ, ಪೂರ್ತಿ ಸಮಾಧಾನ ಇಲ್ಲ. ಪಂಚಲೋಹದ ಎರಕ ಹೊಯ್ಯುವವರು ಜೇನುಮೇಣಕ್ಕೆ ರಾಳ ಕೂಡಿಸಿ ಮೊದಲು ವಿಗ್ರಹ ತಿದ್ದುತ್ತಾರಲ್ಲ, ಆ ಮಿಶ್ರಣಕ್ಕೆ ಅವರಲ್ಲಿ ಏನೋ ಹೆಸರು ಇರಲೇಬೇಕು. ನಿಮ್ಮ ಊರಿನ ಕಡೆ ಎರಕದ ಮನೆತನದವರು ಇದ್ದರೆ ದಯವಿಟ್ಟು ಕೇಳಿ ತಿಳಿಸುತ್ತೀರಾ?